ರಾತ್ರಿ ಪಂಪ್ ಆರಿಸಬೇಡಿ: ಕಿಕ್ಕಿರಿದ ಕೊಳದಲ್ಲಿ ಮೀನು ಸಾಯುವುದೇ ಆಗ

ಸಂಜೆ ಚುರುಕಾಗಿ ಈಜುತ್ತಿದ್ದ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತಿದ್ದರೆ, ಯಾರೋ ವಿಷ ಹಾಕಿದರೆಂಬ ಅನುಮಾನವೇ ಮೊದಲು ಬರುತ್ತದೆ. ಸತ್ತವುಗಳನ್ನು ಸರಿಯಾಗಿ ನೋಡಿ. ದೊಡ್ಡವೇ ಹೆಚ್ಚಾಗಿ ಸತ್ತು ಮರಿಗಳು ಉಳಿದಿದ್ದರೆ, ಬಾಯಿ ತೆರೆದು ಕಿವಿರಿನ ಮುಚ್ಚಳ ಅರಳಿದ್ದರೆ, ಅದು ಬಹುಮಟ್ಟಿಗೆ ಆಮ್ಲಜನಕ ಸಾಲದೆ ಬಂದ ಸಾವು.

ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿಯೂ ಗಿಡಗಳೂ ಕತ್ತಲಾದ ಮೇಲೆ ಅದನ್ನೇ ಬಳಸತೊಡಗುತ್ತವೆ. ತಳದ ಕೆಸರಿನ ಬ್ಯಾಕ್ಟೀರಿಯಾಕ್ಕಂತೂ ಹಗಲು ರಾತ್ರಿಯಿಲ್ಲ. ಹಾಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಮಟ್ಟ ಪೂರ್ತಿ ಇಳಿದಿರುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆ ಮಾತ್ರ. 3ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಒದ್ದಾಡುತ್ತವೆ. ಸದ್ದೆಂದೋ ವಿದ್ಯುತ್ ಉಳಿಸಲೆಂದೋ ರಾತ್ರಿ ಪಂಪ್ ಆರಿಸುವವರು ಸರಿಯಾಗಿ ಬೇಕಾದ ಹೊತ್ತಲ್ಲೇ ಗಾಳಿ ನಿಲ್ಲಿಸಿರುತ್ತಾರೆ. ಆರಿಸಲೇಬೇಕಿದ್ದರೆ ಹಗಲಲ್ಲಿ ಸ್ವಲ್ಪ ಹೊತ್ತು ಆರಿಸಿ. ಮೋಡ ಕವಿದ ದಿನಗಳ ರಾತ್ರಿ ಇನ್ನೂ ಅಪಾಯ.

ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಮೇವು ಹಾಕಲೇಬೇಡಿ. ತಕ್ಷಣ ಏರೇಟರ್ (ನೀರಿಗೆ ಗಾಳಿ ಊದುವ ಯಂತ್ರ) ಹಾಕಿ, ಗಾಳಿ ಗುಳ್ಳೆ ಬಿಡುವ ಅದರ ಕಲ್ಲು ಕೆಸರಿಗೆ ತಾಗದಿರಲಿ. ಏರೇಟರ್ ಇಲ್ಲವೇ? ಕೊಳದ ನೀರನ್ನೇ ಬಕೆಟ್‌ನಲ್ಲಿ ಮೊಗೆದು ಎತ್ತರದಿಂದ ಸುರಿಯುತ್ತಿರಿ. ನೀರು ಬದಲಿಸುವುದಾದರೆ ಕಾಲು ಭಾಗ ಸಾಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸದೆ ಬಿಡಬೇಡಿ. ಇಡೀ ಕೊಳದ ಪಾಚಿಗೆ ಒಂದೇ ಸಲ ಔಷಧಿ ಹೊಡೆಯುವುದೂ ದೊಡ್ಡ ತಪ್ಪು: ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ನುಂಗುತ್ತದೆ.

ಗಾಳಿ ಸಾಕಷ್ಟಿದ್ದೂ ಮೀನು ಸಾಯುತ್ತಿದ್ದರೆ, ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಅಮೋನಿಯಾ ಪರೀಕ್ಷಿಸಿ, ಅದೂ ಸಂಜೆ. ಪಾಚಿ ಇರುವ ಕೊಳದಲ್ಲಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) ಆಗ ಏರಿರುತ್ತದೆ. ಅದು 7ರಿಂದ 8ಕ್ಕೆ ಹೋದರೆ ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ಪಾಲು ಸುಮಾರು ಒಂಬತ್ತು ಪಟ್ಟಾಗುತ್ತದೆ. ಫಿಲ್ಟರ್ ಸ್ಪಂಜನ್ನು ಕೊಳದ ನೀರಲ್ಲೇ ಅಲುಬಿ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಅಮೋನಿಯಾ ಕಡಿಮೆ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ.

ಇವೆಲ್ಲ ತಾತ್ಕಾಲಿಕ. ಶಾಶ್ವತ ಪರಿಹಾರ ಬೇಕಿದ್ದರೆ ಕೊಳದ ನೀರಿಗೆ ತಕ್ಕಷ್ಟೇ ಮೀನು ಇಡಬೇಕು. ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 1000ದಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ಉದ್ದ, ಒಂದೂವರೆ ಅಗಲ, 70 ಸೆಂಟಿಮೀಟರ್ ಆಳದ ಕೊಳದಲ್ಲಿರುವುದು 2100 ಲೀಟರ್. ಬೆಳೆದ ಕೋಯಿಗೆ (ಅಂದಕ್ಕೆ ಸಾಕುವ ಬಣ್ಣದ ಕಾರ್ಪ್ ಮೀನು) ತಲಾ 1000 ಲೀಟರ್ ಬೇಕೆಂದಿಟ್ಟುಕೊಂಡರೆ ಅಲ್ಲಿ ಎರಡಕ್ಕಷ್ಟೇ ಜಾಗ. ಬೆರಳುದ್ದದ ಮರಿಗಳನ್ನು ನೋಡಿ ಹತ್ತು ಬಿಟ್ಟವರು ಅವು ಮೊಳದುದ್ದ ಆಗುತ್ತವೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹೆಚ್ಚಾದವನ್ನು ದೊಡ್ಡ ಕೊಳ ಇರುವವರಿಗೆ ಕೊಡಿ; ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ರೋಗ ಹರಡೀತು.