ದಿವಾನಜಿಯ ಕತೆ ಕಲಿಕೆ: ಆನ್‌ಲೈನ್ ಬರವಣಿಗೆ ಕಾರ್ಯಾಗಾರದ ಜೊತೆ ಎರಡು ವರ್ಷ

ಲೆಕ್ಕ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ಮೊದಲು ಲೆಕ್ಕವನ್ನೇ ಒಪ್ಪಿಸಿಬಿಡುತ್ತೇನೆ. ಎಂಟು ವಾರದ ಆರಂಭಿಕ ಕೋರ್ಸಿಗೆ 3,500 ರೂಪಾಯಿ, ಹನ್ನೆರಡು ವಾರದ ಸಣ್ಣಕತೆ ಕಾರ್ಯಾಗಾರಕ್ಕೆ 9,000, ಒಂದು ವರ್ಷದ ಸದಸ್ಯತ್ವಕ್ಕೆ 6,000. ಒಟ್ಟು 18,500. ಈ ಖರ್ಚಿನ ಎದುರಿಗೆ ಜಮಾ ಕಡೆ ಬರೆಯಬಹುದಾದದ್ದು: ಮುಗಿಸಿದ ಕತೆಗಳು ಏಳು, ಅಚ್ಚಾದವು ಎರಡು, ಸಂಭಾವನೆ ಬಂದದ್ದು ಒಂದಕ್ಕೆ. ಅಷ್ಟರಲ್ಲಿ ಪತ್ರಿಕೆಯ ನಾಲ್ಕು ಹೆಚ್ಚುವರಿ ಪ್ರತಿ ಕೊಂಡು ನೆಂಟರಿಗೆ ಹಂಚಿದ್ದೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಕನ್ನಡದಲ್ಲಿ ಕತೆ ಬರೆಯಲು ಕಲಿಸುತ್ತೇವೆ ಎನ್ನುವವರು ಈಗ ಹಲವರಿದ್ದಾರೆ, ಒಬ್ಬರ ತಪ್ಪು ಇನ್ನೊಬ್ಬರಲ್ಲೂ ಇದ್ದೀತು.

ನನ್ನ ಮನೆ ಹಾವೇರಿಯಲ್ಲಿ, ಕೆಲಸ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ನಮ್ಮ ಪೇಟೆಯಲ್ಲಿ ಲೆಕ್ಕ ಬರೆಯುವವನನ್ನು ದಿವಾನಜಿ ಎನ್ನುತ್ತಾರೆ. ಹೆಸರು ಕೇಳಲು ದೊಡ್ಡದು, ಕುಳಿತುಕೊಳ್ಳುವ ಜಾಗ ಮಾತ್ರ ಚೀಲಗಳ ಸಂದಿಯಲ್ಲಿ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಗೆ ಬಂದಾಗ ಮೂರು ದಿನವೂ ಹೋಗಿದ್ದೆ. ಗೋಷ್ಠಿಗಳಲ್ಲಿ ಕುಳಿತದ್ದಕ್ಕಿಂತ ಪುಸ್ತಕ ಮಳಿಗೆಗಳಲ್ಲಿ ನಿಂತದ್ದೇ ಹೆಚ್ಚು. ಒಂದು ಚೀಲ ಪುಸ್ತಕದ ಜೊತೆಗೆ ನಾನೂ ಬರೆಯಬೇಕು ಎಂಬ ತುರಿಕೆಯನ್ನೂ ಮನೆಗೆ ತಂದೆ. ಆಗಸ್ಟಿನಲ್ಲಿ ಮೊಬೈಲಿನಲ್ಲಿ ಜಾಹೀರಾತು ಕಂಡಿತು, ಹಣ ಕಟ್ಟಿದೆ.

ನಮ್ಮ ಸಾಹುಕಾರರಿಗೆ ಈ ವಿಷಯ ಹೇಗೋ ಗೊತ್ತಾಯಿತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕತೆಯನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಸಾಹುಕಾರರು ಅಡಿಕೆ ಕತ್ತರಿಸುತ್ತ, “ಅವರು ಬರೆದು ದುಡ್ಡು ಕೇಳಲು ಹೋದರು, ನೀವು ಬರೆಯುವ ಮೊದಲೇ ದುಡ್ಡು ಕೊಟ್ಟು ಬಂದಿರಲ್ಲ ದಿವಾನಜಿಯವರೇ” ಎಂದರು. ಇದಕ್ಕೆ ಉತ್ತರ ಇವತ್ತಿಗೂ ಹೊಳೆದಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಅಂಗಡಿಯ ಗಣಕಯಂತ್ರದಲ್ಲಿ ಕನ್ನಡ ಟೈಪ್ ಮಾಡಲು ಇರುವುದು ಹಳೆಯ ‘ನುಡಿ’ ತಂತ್ರಾಂಶ. ಅದರಲ್ಲೇ ಎರಡು ಪುಟ ಟೈಪ್ ಮಾಡಿ ಕಳುಹಿಸಿದೆ. ಮಾರ್ಗದರ್ಶಕರ ಮೊಬೈಲಿನಲ್ಲಿ ನನ್ನ ಕತೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಆವರಣ ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದುಕೊಂಡಿತಂತೆ. ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡಿಗೆ ಬದಲಾಯಿಸಿದರೆ ಅರ್ಕಾವತ್ತುಗಳು ತಮಗೆ ತೋಚಿದ ಕಡೆ ಹೋಗಿ ಕುಳಿತವು. ಕೊನೆಗೆ ಪೂರ್ತಿ ಕತೆಯನ್ನು ಮೊಬೈಲಿನಲ್ಲಿ ಬೆರಳು ಕುಟ್ಟಿ ಮತ್ತೆ ಬರೆದೆ. ಹಳೆಯ ಫಾಂಟಿನಲ್ಲಿ ಬರೆಯುವವರು ಇನ್ನೂ ಸಾವಿರಾರು ಜನರಿದ್ದಾರೆ. ಹಣ ಕಟ್ಟಿಸಿಕೊಳ್ಳುವ ಪುಟದಲ್ಲಿ ಇದರ ಬಗ್ಗೆ ಒಂದು ಸಾಲು ಹಾಕಿದ್ದರೆ ನನ್ನ ಒಂದು ಭಾನುವಾರ ಉಳಿಯುತ್ತಿತ್ತು.

ಆದರೆ ಅದೇ ಎರಡು ಪುಟದ ಮೇಲೆ ನಡೆದ ತರಗತಿ ಮಾತ್ರ ಇಡೀ 18,500ಕ್ಕೆ ಸಮ. ಕತೆ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿ ಹೆಂಗಸೊಬ್ಬಳದು. ಶುರುವಾಗಿದ್ದು ಸೂರ್ಯನಿಂದ. ಅವನು ಪಡುವಣಕ್ಕೆ ಇಳಿಯುತ್ತಿದ್ದ, ಆಕಾಶ ಕೆಂಪಾಗಿತ್ತು, ಆ ಕೆಂಪು ನೆಲದ ಮೇಲೆ ಹರಡಿದ ಮೆಣಸಿನಕಾಯಿಯ ಕೆಂಪಿನ ಜೊತೆ ಸ್ಪರ್ಧೆಗಿಳಿದಿತ್ತು, ಹಕ್ಕಿಗಳು ಗೂಡು ಸೇರುತ್ತಿದ್ದವು. ಹೀಗೆ ಹದಿನಾರು ಸಾಲು. ಮಾರ್ಗದರ್ಶಕರು ಪುಟವನ್ನು ಪರದೆಯ ಮೇಲೆ ಇಟ್ಟು ಉಳಿದ ಹನ್ನೊಂದು ಜನರಿಗೆ ಒಂದೇ ಪ್ರಶ್ನೆ ಕೇಳಿದರು: “ಯಾವ ಸಾಲಿಗೆ ಬಂದಾಗ ಮೈ ನೆಟ್ಟಗೆ ಮಾಡಿ ಕುಳಿತಿರಿ? ಆ ಸಾಲಿನ ಸಂಖ್ಯೆ ಬರೆಯಿರಿ.” ಒಂಬತ್ತು ಜನ ಒಂದೇ ಸಂಖ್ಯೆ ಬರೆದರು. ಅದು ಮೂರನೆಯ ಪ್ಯಾರಾದ ಮಧ್ಯದಲ್ಲಿ ಎಲ್ಲೋ ಬಿದ್ದುಕೊಂಡಿದ್ದ ಸಾಲು: “ತಕ್ಕಡಿಯ ಹತ್ತಿರ ಹೋಗುವ ಮೊದಲು ಶಾಂತವ್ವ ಉಡಿ ಬಿಚ್ಚಿ ಎಲ್ಲರಿಗೂ ಕಾಣುವಂತೆ ಝಾಡಿಸಿದಳು.”

ನಾನು ಆ ಸಾಲನ್ನು ಯೋಚಿಸಿ ಬರೆದವನಲ್ಲ. ಅಂಗಡಿಯಲ್ಲಿ ದಿನಾ ಕಾಣುವುದು, ಕೈ ತಾನಾಗಿ ಬರೆದಿತ್ತು. ಕಾಯಿ ಕದ್ದಿಲ್ಲ ಎಂದು ತೋರಿಸಲು ಯಾರೂ ಕೇಳುವ ಮೊದಲೇ ಉಡಿ ಝಾಡಿಸುವ ಹೆಂಗಸು. ಸೂರ್ಯನನ್ನೂ ಹಕ್ಕಿಗಳನ್ನೂ ಅಳಿಸಿದೆ. ಕತೆ ಅಲ್ಲಿಂದಲೇ ಶುರುವಾಯಿತು. ಅಳಿಸುವಾಗ ಹೊಟ್ಟೆ ಉರಿದದ್ದು ನಿಜ. ಹಕ್ಕಿಗಳ ಸಾಲಿಗಾಗಿ ನಾನು ಅರ್ಧ ರಾತ್ರಿ ಕುಳಿತಿದ್ದೆ.

ಇಲ್ಲಿನ ಇನ್ನೊಂದು ಪದ್ಧತಿ, ಕತೆಯ ಚರ್ಚೆ ನಡೆಯುವಾಗ ಬರೆದವನು ಬಾಯಿ ಬಿಡುವ ಹಾಗಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಲೇಖಕರ ಕಾರ್ಯಾಗಾರದ ಮಾದರಿ ಇದು, ಜಗತ್ತಿನಲ್ಲೆಲ್ಲ ಹಬ್ಬಿದೆ. ಝೂಮ್‌ನಲ್ಲಿ ಇದನ್ನು ಜಾರಿಗೆ ತರುವುದು ಬಹಳ ಸುಲಭ, ಧ್ವನಿ ಬಂದ್ ಮಾಡಿದರೆ ಆಯಿತು. ಮೊದಲ ಸಲ ಇಪ್ಪತ್ತು ನಿಮಿಷ ನನ್ನ ಶಾಂತವ್ವನ ಬಗ್ಗೆ ಅವರಿವರು ಏನೇನೋ ಹೇಳುವುದನ್ನು ಕೇಳುತ್ತ ಕುಳಿತಾಗ ಪಂಚರ ಎದುರು ಕೈಕಟ್ಟಿ ನಿಂತ ಹಾಗೆ ಆಗಿತ್ತು. ಮೂರನೆಯ ಸಲಕ್ಕೆ ಅರ್ಥವಾಯಿತು: ಪತ್ರಿಕೆಯಲ್ಲಿ ಕತೆ ಓದುವವನ ಮನೆಗೆ ಹೋಗಿ ನಾನು ವಿವರಣೆ ಕೊಡಲಾರೆ.

“ಹೇಳಬೇಡಿ, ತೋರಿಸಿ” ಎಂಬ ಪಾಠದ ಗತಿ ಬೇರೆಯಾಯಿತು. ಪಾಠ ಒಳ್ಳೆಯದೇ. ಆದರೆ ಅದರ ಮರುವಾರ ಬಂದ ಹನ್ನೆರಡೂ ಕತೆಗಳಲ್ಲಿ ಎಲ್ಲರ ಹಣೆಯ ಮೇಲೆ ಬೆವರು, ಎಲ್ಲರ ಮುಷ್ಟಿ ಬಿಗಿ, ಎಲ್ಲರ ತುಟಿ ಅದುರುತ್ತಿತ್ತು. “ಅವನಿಗೆ ಸಿಟ್ಟು ಬಂತು” ಎಂದು ಬರೆಯಲು ಯಾರಿಗೂ ಧೈರ್ಯವಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಕತೆ ಹೇಳುವಾಗ “ರಾಜನಿಗೆ ಸಿಟ್ಟು ನೆತ್ತಿಗೇರಿತು” ಎಂದು ಹೇಳಿಯೇ ಹೇಳುತ್ತಿದ್ದಳು, ನಾವು ಹೆದರಿಯೇ ಹೆದರುತ್ತಿದ್ದೆವು. ಇದನ್ನು ತರಗತಿಯಲ್ಲಿ ಎತ್ತಿದೆ. ಒಳ್ಳೆಯ ಪ್ರಶ್ನೆ, ಮುಂದಿನ ವಾರ ನೋಡೋಣ ಎಂದರು. ಆ ಮುಂದಿನ ವಾರ ಬರಲಿಲ್ಲ.

ಭಾಷೆಯ ವಿಷಯದಲ್ಲಿ ನನ್ನ ತಕರಾರು ಇದಕ್ಕಿಂತ ದೊಡ್ಡದು. ತಿದ್ದಿ ಬಂದ ಪ್ರತಿಯಲ್ಲಿ “ತುಂಬು ಬಿಡಿಸುವ” ಎಂಬಲ್ಲಿ ಕೆಂಪು ಗುರುತು. ಪಕ್ಕದಲ್ಲಿ ಟಿಪ್ಪಣಿ: “ತುಂಬು ಎಂದರೆ ಪೂರ್ಣ ಅಲ್ಲವೇ? ತೊಟ್ಟು ಎಂದು ಬರೆದರೆ ಸರಿ.” ಅರ್ಥ ನೋಡಿದರೆ ಅವರ ಮಾತು ತಪ್ಪಲ್ಲ. ಆದರೆ ಬ್ಯಾಡಗಿಯಲ್ಲಿ ಮನೆ ಮನೆಯ ಜಗುಲಿಯ ಮೇಲೆ ಕುಳಿತು ನೂರಾರು ಹೆಂಗಸರು ಬಿಡಿಸುವುದು ತುಂಬನ್ನು. ತೊಟ್ಟು ಎಂದ ಕೂಡಲೇ ಶಾಂತವ್ವ ನಮ್ಮ ಊರು ಬಿಟ್ಟು ಹೋಗಿಬಿಡುತ್ತಾಳೆ. ಸಂಭಾಷಣೆಯಲ್ಲಿ ನಮ್ಮ ಕಡೆಯ ಮಾತನ್ನು ಹಾಗೆಯೇ ಇಟ್ಟದ್ದಕ್ಕೂ “ಓದುಗರಿಗೆ ತೊಡಕಾಗಬಹುದು” ಎಂಬ ಸೂಚನೆ. ಮೈಸೂರು ಸೀಮೆಯ ಸಹಪಾಠಿಯೊಬ್ಬರು ಬರೆದ ಅಡುಗೆಮನೆಯ ಮಾತಿಗೆ ಇಂಥ ಸೂಚನೆ ಬರಲಿಲ್ಲ ಎಂಬುದನ್ನು ಗಮನಿಸಿದ್ದೇನೆ. ನಾನು ತುಂಬನ್ನು ಬಿಡಲಿಲ್ಲ. ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರೂ ಅದನ್ನು ಮುಟ್ಟಲಿಲ್ಲ.

ಎರಡನೆಯ ಕೋರ್ಸು 2024ರ ಜನವರಿಯಿಂದ ಮಾರ್ಚ್‌ವರೆಗೆ, ಗುರುವಾರ ಸಂಜೆ ಏಳಕ್ಕೆ. ಇಲ್ಲಿ ನನ್ನದೇ ತಪ್ಪು. ಬ್ಯಾಡಗಿಯ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ, ಆ ತಿಂಗಳುಗಳಲ್ಲಿ ಆವಕ ಲಕ್ಷ ಚೀಲ ದಾಟುವ ದಿನಗಳಿರುತ್ತವೆ. ಟೆಂಡರ್ ಮುಗಿದು ತೂಕ ಹಿಡಿದರೆ ರಾತ್ರಿ ಹತ್ತಾದರೂ ಹೌದು. ಚೀಲಗಳ ನಡುವೆ ಕುಳಿತು ಒಂದು ಕಿವಿಯಲ್ಲಿ ತರಗತಿ, ಇನ್ನೊಂದು ಕಿವಿಯಲ್ಲಿ ಹಮಾಲರ ಎಣಿಕೆ. ಘಾಟಿಗೆ ಸೀನು ಬರುತ್ತಿತ್ತು. ನಿಮಗೆ ಸದಾ ನೆಗಡಿಯೇ ಎಂದು ಒಬ್ಬರು ಮರುಕಪಟ್ಟರು. ತಪ್ಪಿದ ತರಗತಿಯ ರೆಕಾರ್ಡಿಂಗ್ ಸಿಗುತ್ತದೆ, ಆದರೆ ಅರವತ್ತು ದಿನ ಮಾತ್ರ. ನನಗೆ ಪುರುಸೊತ್ತಾಗುವುದು ಜೂನ್‌ನಲ್ಲಿ.

ಆ ಮಾರ್ಚ್ 11ರ ಸೋಮವಾರ ನಡೆದದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ. ಮೆಣಸಿನಕಾಯಿ ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಆರಿಸಲು ಬಂದ ಅಗ್ನಿಶಾಮಕ ವಾಹನವೂ ಉರಿಯಿತು. ನಾವು ಒಳಗಿನಿಂದ ಶಟರ್ ಎಳೆದುಕೊಂಡು ಕುಳಿತಿದ್ದೆವು. ಮೂರು ದಿನ ಬಿಟ್ಟು ಗುರುವಾರದ ತರಗತಿ. ವಿಷಯ, ಕತೆಯಲ್ಲಿ ಸಂಘರ್ಷ. ನಾನು ಎಲ್ಲಿಯವನೆಂದು ನೆನಪಾಗಿ ಮಾರ್ಗದರ್ಶಕರ ಮುಖ ಅರಳಿತು. “ನಿಮಗೆ ಚಿನ್ನದಂಥ ವಸ್ತು ಸಿಕ್ಕಿದೆ, ಬಿಸಿ ಆರುವ ಮೊದಲು ಬರೆದುಬಿಡಿ” ಎಂದರು. ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ನಾನೂ ಮಾತಿಗೆ ಮರುಳಾಗಿ ಬರೆದೆ: ಹೊಗೆ, ಕಲ್ಲು, ಓಟ, ಕೂಗು. ಎಲ್ಲರೂ ಮೆಚ್ಚಿದರು. ಆ ಕಡತವನ್ನು ನಾನು ಮತ್ತೆ ತೆರೆದಿಲ್ಲ.

ಒಂದು ವರ್ಷದ ಮೇಲೆ ಬರೆದದ್ದು ಬೇರೆ. ಗಲಾಟೆಯ ದಿನ ಬೆಳಿಗ್ಗೆ ದೂರದಿಂದ ಬಂದ ರೈತರೊಬ್ಬರು ತಮ್ಮ ಬುತ್ತಿಯ ಗಂಟನ್ನು ನಮ್ಮ ಅಂಗಡಿಯ ತೂಕದ ಯಂತ್ರದ ಹಿಂದೆ ಇಟ್ಟು ದರ ನೋಡಿ ಬರುತ್ತೇನೆ ಎಂದು ಹೋದರು. ಮರಳಿ ಬರಲಿಲ್ಲ. ನಾಲ್ಕು ದಿನ ಅದನ್ನು ಬಿಚ್ಚಲೂ ಮನಸ್ಸಾಗದೆ, ಎಸೆಯಲೂ ಮನಸ್ಸಾಗದೆ ಇಟ್ಟುಕೊಂಡಿದ್ದೆ. ಕತೆಯಲ್ಲಿ ಇರುವುದು ಆ ಗಂಟು ಮತ್ತು ನನ್ನ ಖಾತೆ ಪುಸ್ತಕದಲ್ಲಿ ದರದ ಅಂಕಣ ಖಾಲಿ ಉಳಿದ ಒಂದು ಸಾಲು, ಅಷ್ಟೇ. ಬೆಂಕಿ ಎಲ್ಲೂ ಇಲ್ಲ. ಸಂಭಾವನೆ ಬಂದದ್ದು ಇದಕ್ಕೇ.

ಕಾರ್ಯಾಗಾರದವರ ಸೇವೆಯ ಬಗ್ಗೆ ಹೇಳಲೇಬೇಕಾದ ಸಂಗತಿ ಇನ್ನೊಂದಿದೆ. ಏಳು ದಿನದಲ್ಲಿ ಲಿಖಿತ ಅಭಿಪ್ರಾಯ ಎಂಬುದು ಕರಾರು, ಎರಡನೆಯ ಕೋರ್ಸಿನಲ್ಲಿ ಅದು ಹತ್ತೊಂಬತ್ತನೆಯ ದಿನ ಬಂತು. ತಡವಾದದ್ದನ್ನು ಸಹಿಸಬಹುದಿತ್ತು. ಧಾರವಾಡದ ಸಹಪಾಠಿಯೊಬ್ಬರು ತಮಗೆ ಬಂದ ಅಭಿಪ್ರಾಯವನ್ನು ಕಳುಹಿಸಿ ಓದಿ ನೋಡಿ ಎಂದರು. ಅವರದು ಶಾಲೆಯೊಂದರ ಕತೆ, ನನ್ನದು ತಂದೆ ಮಗನದು. ಇಬ್ಬರಿಗೂ ಒಂದೇ ಮೂರು ವಾಕ್ಯ: ಪಾತ್ರಗಳಿಗೆ ಇನ್ನಷ್ಟು ಆಳ ಬೇಕು, ಅಂತ್ಯ ಪರಿಣಾಮಕಾರಿಯಾಗಿದೆ, ಭಾಷೆ ಹಿತಮಿತವಾಗಿದೆ. ನನ್ನ ಕತೆಗೆ ಅಂತ್ಯವೇ ಇರಲಿಲ್ಲ, ಕೊನೆಯ ಪುಟ ಕಳುಹಿಸಲು ಮರೆತಿದ್ದೆ. ಕೇಳಿದರೆ ತಾಂತ್ರಿಕ ದೋಷ ಎಂದರು. ಓದದೆ ಬರೆದದ್ದು ಯಾವ ತಂತ್ರದ ದೋಷವೋ!

ಇಷ್ಟಾದರೂ ವಾರ್ಷಿಕ ಸದಸ್ಯತ್ವಕ್ಕೆ ಹಣ ಕಟ್ಟಿದೆ, ಅದು ನನ್ನ ಬುದ್ಧಿ. ತಿಂಗಳಿಗೊಂದು ಉಪನ್ಯಾಸ, ನೂರಾರು ಜನರ ಒಂದು ಗುಂಪು, ಅದರಲ್ಲಿ ದಿನಾ ಶುಭೋದಯ. ಆರನೆಯ ತಿಂಗಳಿಗೆ ಉಪನ್ಯಾಸವೂ ನಿಂತಿತು. ಹಣ ಮರಳಿಸಿ ಎಂದು ಐದು ಇಮೇಲ್ ಬರೆದ ಮೇಲೆ ಅರ್ಧ ಕೊಡಲು ಒಪ್ಪಿದರು.

ನನಗೆ ನಿಜವಾಗಿ ದಕ್ಕಿದ್ದು ಸಂಸ್ಥೆಯ ಹೊರಗೆ. ಎರಡನೆಯ ಕೋರ್ಸಿನ ನಾಲ್ವರು ಸೇರಿ ಭಾನುವಾರ ರಾತ್ರಿ ನಮ್ಮದೇ ಕೂಟ ಮಾಡಿಕೊಂಡಿದ್ದೇವೆ. ಧಾರವಾಡದ ಶಿಕ್ಷಕಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿ, ಮಸ್ಕತ್‌ನಲ್ಲಿ ನರ್ಸ್ ಆಗಿರುವ ಗದಗಿನ ಅಕ್ಕ, ನಾನು. ನಮಗೆ ಒಂಬತ್ತೂವರೆಯಾದಾಗ ಅಕ್ಕನಿಗೆ ಎಂಟು ಗಂಟೆ. ಝೂಮ್ ಪುಕ್ಕಟೆಯಾಗಿ ಕೊಡುವುದು ನಲವತ್ತು ನಿಮಿಷ, ಆಮೇಲೆ ತಾನೇ ಕತ್ತರಿಸುತ್ತದೆ. ಗದಗಿನ ವೀರನಾರಾಯಣ ಗುಡಿಯ ಕಂಬದ ಬಳಿ ಕುಮಾರವ್ಯಾಸ ಒದ್ದೆ ಬಟ್ಟೆ ಒಣಗುವ ತನಕ ಮಾತ್ರ ಕಾವ್ಯ ರಚಿಸುತ್ತಿದ್ದ ಎಂಬ ಐತಿಹ್ಯವಿದೆಯಲ್ಲ, ಅಕ್ಕ ಇದಕ್ಕೆ ನಮ್ಮ ಒದ್ದೆ ಬಟ್ಟೆ ಎನ್ನುತ್ತಾರೆ. ನಲವತ್ತು ನಿಮಿಷಕ್ಕೆ ಒಂದೇ ಕತೆ, ಹೊಗಳಿಕೆಗೆ ಸಮಯವಿಲ್ಲ. ಕತೆ ತರದವರು ಮುಂದಿನ ಎರಡು ವಾರ ಬರೀ ಕೇಳಬೇಕು ಎಂಬ ದಂಡವೂ ಇದೆ. ಈ ಏಳು ಕತೆಗಳಲ್ಲಿ ಐದು ಮುಗಿದದ್ದು ಆ ದಂಡದ ಭಯಕ್ಕೆ. ಹಾಗಾದರೆ ಹಣ ಕೊಡದೆಯೇ ಇಂಥ ಕೂಟ ಕಟ್ಟಬಹುದಿತ್ತೇ? ಈ ಮೂವರು ನನಗೆ ಬೇರೆಲ್ಲಿ ಸಿಗುತ್ತಿದ್ದರು ಎಂದು ಯೋಚಿಸಿದರೆ ಹೌದು ಎನ್ನಲು ನಾಲಿಗೆ ಏಳುವುದಿಲ್ಲ. ಧಾರವಾಡದಲ್ಲಿ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ಅಲ್ಲಿ ಕಾರ್ಯಕ್ರಮಗಳಿಗೆ ಬರವಿಲ್ಲ, ಎದುರು ಕುಳಿತು ಮಾತಾಡುವ ಸುಖವೇ ಬೇರೆ. ಆದರೆ ಬ್ಯಾಡಗಿಯಲ್ಲಿ ಖಾತೆ ಮುಚ್ಚಿ, ಮೋಟೆಬೆನ್ನೂರಿಗೆ ಬಂದು, ಅಲ್ಲಿಂದ ಧಾರವಾಡ ಮುಟ್ಟುವಷ್ಟರಲ್ಲಿ ವಂದನಾರ್ಪಣೆಯೂ ಮುಗಿದಿರುತ್ತದೆ.

ಸೇರಬೇಕೇ ಎಂದು ನನ್ನನ್ನು ಕೇಳುವವರಿಗೆ ಹೇಳುವುದು ಇಷ್ಟು: ಎಂಟು ವಾರದ ಕೋರ್ಸು ಸಾಕು, ಅದೂ ನಿಮ್ಮ ಕಸುಬಿಗೆ ಬಿಡುವಿರುವ ತಿಂಗಳಲ್ಲಿ. ತರಗತಿಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಇದ್ದರೆ ಬೇಡ. ಮಾರ್ಗದರ್ಶಕರು ತಿದ್ದಿದ ಒಂದು ಪುಟವನ್ನು ಮೊದಲೇ ಕೇಳಿ ನೋಡಿ. ಎರಡನೆಯ ವಾರದಿಂದಲೇ ಯಾರು ನಿಮ್ಮ ಕತೆಯನ್ನು ಸರಿಯಾಗಿ ಓದುತ್ತಾರೆಂದು ಗುರುತಿಟ್ಟು ಅವರ ಫೋನ್ ನಂಬರ್ ಪಡೆಯಿರಿ. ಸದಸ್ಯತ್ವದ ಕಡೆ ತಲೆ ಹಾಕಬೇಡಿ.

ಅಂದ ಹಾಗೆ, ಒಪ್ಪಿಕೊಂಡ ಆ ಮೂರು ಸಾವಿರ ಇನ್ನೂ ಬಂದಿಲ್ಲ. ನನ್ನ ಸ್ವಂತ ಲೆಕ್ಕದ ಪುಸ್ತಕದಲ್ಲಿ, ಬರಬೇಕಾದ ಬಾಕಿಯ ಪುಟದಲ್ಲಿ, ತಮ್ಮನಿಗೆ ಕೊಟ್ಟ ಕೈಗಡದ ಕೆಳಗೆ ಬರೆದಿಟ್ಟಿದ್ದೇನೆ.