ಮೂರು ಚೀಲ, ಒಂದು ಮುಖ: ಕಡಿಮೆ ದುಡ್ಡಲ್ಲಿ ಮೋರಿ ಗರ್ಲ್ ಮೇಕಪ್ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಜಪಾನಿ ಭಾಷೆಯಲ್ಲಿ ಮೋರಿ ಅಂದರೆ ಕಾಡು. ನಮ್ಮ ಮೋರಿ ಅಲ್ಲ. "ನಾನು ಮೋರಿ ಗರ್ಲ್ ಆಗ್ತೀನಿ" ಅಂದಾಗ ನಮ್ಮನೆಯವರು ನಕ್ಕ ನಗು ಪಕ್ಕದ ಫ್ಲಾಟಿಗೂ ಕೇಳಿಸಿರಬೇಕು. ಟೋಕಿಯೊದ ಗೋಡೆಗಳು ತೆಳು.

ಈ ಶೈಲಿ ಹೊಸದೇನಲ್ಲ. 2006ರಲ್ಲಿ ಮಿಕ್ಸಿ ಅನ್ನುವ ಜಪಾನಿ ಜಾಲತಾಣದ ಒಂದು ಗುಂಪಿನಿಂದ ಶುರುವಾಯಿತು. ಕಾಡಿನಲ್ಲಿ ವಾಸ ಮಾಡುವ ಹುಡುಗಿಯ ಹಾಗೆ ಕಾಣಬೇಕು, ಅಷ್ಟೇ ಇದರ ಹೂರಣ. ಸಡಿಲವಾದ ಹತ್ತಿ ಬಟ್ಟೆ, ಒಂದರ ಮೇಲೊಂದು ಪದರ, ಲೇಸು, ಉಣ್ಣೆಯ ಶಾಲು. ಬಣ್ಣಗಳಲ್ಲಿ ಅವರಿಗೆ ತುಂಬಾ ಇಷ್ಟ ಕಿನಾರಿ. ಅಂದರೆ ಬಿಳುಪು ಮಾಡದ ನೂಲಿನ ಬಣ್ಣ. ನಾವು ಕೋರಾ ಬಟ್ಟೆ ಅನ್ನುತ್ತೇವಲ್ಲ, ಅದೇ. ಈಗ ಬೀದಿಯಲ್ಲಿ ಇದರ ಭರಾಟೆ ಕಡಿಮೆ. ಆದರೆ ಟೋಕಿಯೊದ ಕೊಯೆಂಜಿಯ ಹಳೇ ಬಟ್ಟೆ ಅಂಗಡಿಗಳಲ್ಲಿ ಇಂಥ ಬಟ್ಟೆ ಸಿಗುತ್ತದೆ. ನನ್ನ ಕಪಾಟು ತುಂಬಿದ್ದೂ ಹಾಗೇ.

ಬಟ್ಟೆ ಆಯಿತು, ಮುಖದ ಕೆಲಸ ಉಳಿಯಿತು. ಇದರ ಮೇಕಪ್ ಅಂದರೆ ಚಳಿಯಲ್ಲಿ ಓಡಾಡಿ ಈಗಷ್ಟೇ ಒಳಗೆ ಬಂದವಳ ಮುಖ. ಕೆನ್ನೆ ಸ್ವಲ್ಪ ಕೆಂಪು, ರೆಪ್ಪೆ ಕಂದು, ತುಟಿ ತನ್ನದೇ ಬಣ್ಣ. ಕಡಿಮೆ ಕೆಲಸ, ಹಾಗಾಗಿ ಕಡಿಮೆ ಖರ್ಚು ಅಂದುಕೊಂಡಿದ್ದೆ.

ಇಲ್ಲಿ ಅಗ್ಗದ ಮೇಕಪ್ಪಿಗೆ ಪುಚಿಪುರಾ ಅಂತ ಮುದ್ದಿನ ಹೆಸರಿದೆ. ಫ್ರೆಂಚಿನ ಪೆತಿ, ಇಂಗ್ಲಿಷಿನ ಪ್ರೈಸ್, ಎರಡನ್ನೂ ಸೇರಿಸಿ ಜಜ್ಜಿದ ಪದ. ಅದರಲ್ಲಿ ಎರಡು ಮೆಟ್ಟಿಲು. ಕೆಳಗಿನದು ನೂರು ಯೆನ್ ಅಂಗಡಿ. ದೈಸೊ, ಸೆರಿಯಾ, ಕ್ಯಾನ್‌ಡು ಥರದವು. ಹೆಸರಿಗೆ ನೂರು, ಶೇಕಡಾ 10 ತೆರಿಗೆ ಸೇರಿ 110. ಮೇಲಿನದು ಡ್ರಗ್‌ಸ್ಟೋರ್. ಔಷಧಿ, ಶಾಂಪೂ, ಬಿಸ್ಕೆಟ್ ಎಲ್ಲದರ ಜೊತೆ ಕ್ಯಾನ್‌ಮೇಕ್, ಸೆಝಾನ್, ಕೇಟ್ ಅನ್ನುವ ಮೇಕಪ್ ಬ್ರ್ಯಾಂಡುಗಳೆಲ್ಲ ಸಾಲಾಗಿ ಕೂತಿರುತ್ತವೆ. ಡಿಪಾರ್ಟ್‌ಮೆಂಟ್ ಸ್ಟೋರಿನ ಕೌಂಟರ್ ನನ್ನ ಲೆಕ್ಕಕ್ಕೆ ಬರಲಿಲ್ಲ.

ನಾನು ಮೂರು ಚೀಲ ಕಟ್ಟಿದೆ. ಮೊದಲನೆಯದರಲ್ಲಿ ನೂರು ಯೆನ್ ಅಂಗಡಿಯ ಏಳು ಸಾಮಾನು, ಒಟ್ಟು 770 ಯೆನ್. ಎರಡನೆಯದರಲ್ಲಿ ಡ್ರಗ್‌ಸ್ಟೋರಿನ ನಾಲ್ಕು, 3,500 ಯೆನ್ನಿಗೆ ಸ್ವಲ್ಪ ಜಾಸ್ತಿ. ಮೂರನೆಯದು ಊರಿಂದ ತಂದಿದ್ದು: ಅಮ್ಮ ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆ, ಒಂದು ಟಾಲ್ಕಮ್ ಪೌಡರ್, ಇಟ್ಟಿಗೆ ಬಣ್ಣದ ಅರ್ಧ ಮುಗಿದ ಲಿಪ್‌ಸ್ಟಿಕ್. ಇದಕ್ಕೆ ಹೊಸ ಖರ್ಚು ಸೊನ್ನೆ.

ಎರಡು ವಾರ ಎಡಗೆನ್ನೆಗೆ ಒಂದು ಚೀಲ, ಬಲಗೆನ್ನೆಗೆ ಇನ್ನೊಂದು. ಹೀಗೇ ನಿಶಿಕಸಾಯ್‌ನಿಂದ ತೋಜಾಯ್ ಲೈನ್ ಹಿಡಿದು ಓಡಾಡಿದೆ. ಬೆಳಿಗ್ಗೆ ಆ ರೈಲಿನಲ್ಲಿ ನಿಲ್ಲುವಷ್ಟು ಜಾಗ ಸಿಕ್ಕರೆ ಪುಣ್ಯ. ಅದನ್ನು ತಾಳಿಕೊಂಡ ಮೇಕಪ್ ಎಲ್ಲಿ ಬೇಕಾದರೂ ತಾಳುತ್ತದೆ. ಅಂಟುತ್ತದೋ ಇಲ್ಲವೋ ನೋಡಲು ಬೇರೆ ಉಪಾಯ ಸಿಕ್ಕಿತು. ಜಪಾನಿನ ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಫೇಸ್ ಕವರ್ ಇಟ್ಟಿರುತ್ತಾರೆ. ತೆಳ್ಳನೆ ಬಿಳಿ ಚೀಲ. ಬಟ್ಟೆಗೆ ಬಣ್ಣ ತಾಗಬಾರದು ಅಂತ ತಲೆಗೆ ಹಾಕಿಕೊಂಡು ಅಂಗಿ ಎಳೆದುಕೊಳ್ಳಬೇಕು. ತೆಗೆದ ಮೇಲೆ ಅದರಲ್ಲಿ ನನ್ನ ಎರಡೂ ಕೆನ್ನೆಯ ವರದಿ ಸಿದ್ಧ.

ಮುಖದ ಮೇಲೆ ಮೊದಲ ಪದರದಲ್ಲಿ ಮೂರು ಚೀಲವೂ ಸೋತವು. ಇಲ್ಲಿನ ಅಗ್ಗದ ಫೌಂಡೇಶನ್ನುಗಳ ಬಣ್ಣ ಓಕರ್ ಅನ್ನುವ ಹೆಸರಿನಲ್ಲಿ ಬರುತ್ತದೆ. ತಿಳಿ, ಇನ್ನೂ ತಿಳಿ, ಸ್ವಲ್ಪ ತಿಳಿ. ನನ್ನದು ಗೋಧಿಗಿಂತ ಒಂದು ಕೈ ಗಾಢ. ಹೀಗಾಗಿ ಫೌಂಡೇಶನ್ ಕೊಳ್ಳಲೇ ಇಲ್ಲ. ಎರಡನೇ ಚೀಲದ ಪೌಡರ್ ಬಣ್ಣವಿಲ್ಲದ್ದು ಅಂತ ಬರೆದಿತ್ತು. ಹಚ್ಚಿದರೆ ಹಿಟ್ಟಿನ ಗಿರಣಿಯಿಂದ ಬಂದ ಹಾಗಾಯಿತು. ಊರಿನ ಟಾಲ್ಕಮ್ಮೂ ಅದೇ ಕಥೆ. ಕೊನೆಗೆ ಬಿಳಿ ಬಿಡದ ಜೆಲ್ ಸನ್‌ಸ್ಕ್ರೀನ್ ಮಾತ್ರ ಉಳಿಯಿತು. ಎಸ್‌ಪಿಎಫ್ 50+, ಪಿಎ++++, ಅಂದರೆ ಬಿಸಿಲು ತಡೆಯುವ ಅಳತೆಯಲ್ಲಿ ಇಲ್ಲಿನ ಮೇಲಿನ ಮಟ್ಟ. ಅದು ಮನೆಯಲ್ಲಿ ಹೇಗೂ ಇತ್ತು, ಲೆಕ್ಕಕ್ಕೆ ಸೇರಿಸಿಲ್ಲ. ಅದರ ಮೇಲೆ ಟಿಶ್ಯೂ ಒತ್ತಿ ಎಣ್ಣೆ ತೆಗೆದರೆ ಮುಗಿಯಿತು. ಜಪಾನಿಯರು ತೋಮೇಕಾನ್ ಅನ್ನುತ್ತಾರೆ, ಚರ್ಮದ ಒಳಗಿಂದ ಬೆಳಕು ಬಂದ ಹಾಗೆ ಕಾಣುವ ತಿಳಿತನ. ಅದಕ್ಕೂ ಬೆಳ್ಳಗಾಗುವುದಕ್ಕೂ ಸಂಬಂಧ ಇಲ್ಲ ಅಂತ ನನಗೆ ಅರ್ಥವಾಗಿದ್ದು ಪೌಡರ್ ಒರೆಸಿ ಹಾಕಿದ ದಿನ.

ಈಗ ಕೆನ್ನೆ. ಈ ಮೇಕಪ್ಪಿನ ಜೀವ ಇರುವುದೇ ಅಲ್ಲಿ. ಬ್ಲಶ್‌ಗೆ ಇಲ್ಲಿ ಚೀಕು ಅನ್ನುತ್ತಾರೆ. ನಮ್ಮ ಮದುವೆ ಮೇಕಪ್ಪಿನ ಹಾಗೆ ಕೆನ್ನೆ ಮೂಳೆಯ ಮೇಲೆ ಓರೆಯಾಗಿ ಕಿವಿಯ ಕಡೆ ಎಳೆಯುವುದಿಲ್ಲ. ಕಣ್ಣಿನ ಕೆಳಗೆ, ಮೇಲುಭಾಗದಲ್ಲಿ, ದುಂಡಗೆ ಹಚ್ಚುತ್ತಾರೆ. 2010ರ ದಶಕದಲ್ಲಿ ಇಗಾರಿ ಶಿನೊಬು ಎಂಬ ಮೇಕಪ್ ಕಲಾವಿದೆ ಇದನ್ನು ಇನ್ನೂ ಮೇಲಕ್ಕೆ ತಂದರು. ಹಿಂದಿನ ರಾತ್ರಿ ಕುಡಿದವರ ಮುಖ ಕೆಂಪಾಗಿರುತ್ತದಲ್ಲ, ಹಾಗೆ. ಜನ ಅದನ್ನು ಇಗಾರಿ ಮೇಕಪ್ ಅಂತಲೇ ಕರೆದರು. ನಾನು ಅಷ್ಟು ದೂರ ಹೋಗಲಿಲ್ಲ. ಆದರೆ ಜಾಗ ಮಾತ್ರ ಅದೇ.

ಮೊದಲ ಚೀಲದ ಚೀಕು ತಿಳಿ ಗುಲಾಬಿ ಪುಡಿ. ಡಬ್ಬಿಯಲ್ಲಿ ಬಲು ಚೆಂದ. ಕೆನ್ನೆಗೆ ಹೋದದ್ದೇ ವಿಭೂತಿಯಾಯಿತು. ಅಂಗಡಿಯ ತಪ್ಪಲ್ಲ, ನನ್ನ ಆಯ್ಕೆಯ ತಪ್ಪು. ತಿಳಿ ಬಣ್ಣದ ಪುಡಿಯಲ್ಲಿ ಬಿಳಿ ಪಿಗ್ಮೆಂಟ್ ಜಾಸ್ತಿ ಇರುತ್ತದೆ. ಬೆಳ್ಳನೆ ಚರ್ಮದ ಮೇಲೆ ಅದು ಕಾಣುವುದಿಲ್ಲ, ಕಂದು ಚರ್ಮದ ಮೇಲೆ ಬೂದಿಯ ಹಾಗೆ ಎದ್ದು ಕೂರುತ್ತದೆ. ಎರಡನೆಯದು ಕ್ಯಾನ್‌ಮೇಕ್‌ನ ಕ್ರೀಮ್ ಚೀಕ್. ನಾನು ಕೊಂಡಾಗ 638 ಯೆನ್. ಇರುವುದರಲ್ಲಿ ಗಾಢವಾದ ಕೆಂಪನ್ನೇ ಆರಿಸಿದೆ. ಬೆರಳ ತುದಿಯಲ್ಲಿ ಮೂರು ಚುಕ್ಕೆ ಇಟ್ಟು ತಟ್ಟಿದರೆ ಚರ್ಮದೊಳಗೆ ಇಳಿಯಿತು. ಅಂಚು ಎಲ್ಲಿ ಮುಗಿಯಿತು ಅಂತ ನನಗೇ ಕಾಣಲಿಲ್ಲ.

ಮೂರನೆಯದು ಊರಿನ ಲಿಪ್‌ಸ್ಟಿಕ್. ಇದು ಸುಮ್ನೆ ತಮಾಷೆಗೆ ಅಂತ ಇಟ್ಟಿದ್ದು. ಒಂದು ಗೆರೆ ಅಂಗೈ ಹಿಂಬದಿಗೆ ಎಳೆದು, ಹನಿ ಕೊಬ್ಬರಿ ಎಣ್ಣೆ ಸೇರಿಸಿ, ಕೆನ್ನೆಗೆ ತಟ್ಟಿದೆ. ಬಣ್ಣದ ಮಟ್ಟಿಗೆ ಇದೇ ಗೆದ್ದಿತು! ನಿಮ್ಮ ಕೆನ್ನೆ ಚಿವುಟಿ ನೋಡಿಕೊಳ್ಳಿ. ಕಂದು ಚರ್ಮಕ್ಕೆ ರಕ್ತ ಏರಿದರೆ ಗುಲಾಬಿ ಬಣ್ಣ ಬರುವುದಿಲ್ಲ. ಇಟ್ಟಿಗೆ, ಹುಣಸೆ ಹಣ್ಣು, ನೇರಳೆ ಈ ಕಡೆಯ ಬಣ್ಣ ಬರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಫೇಸ್ ಕವರಿನ ಬಲಭಾಗದಲ್ಲಿ ಪೂರ್ತಿ ಕೆನ್ನೆ ಅಚ್ಚಾಗಿತ್ತು. ಎಣ್ಣೆ ಹಾಕಿದರೆ ಇನ್ನೇನಾಗುತ್ತೆ ಅಲ್ವಾ? ಕ್ರೀಮ್ ಚೀಕಿನ ಕಡೆ ಮಸುಕಾದ ಒಂದು ಕಲೆ, ಅಷ್ಟೇ.

ಪುಡಿಯೇ ಬೇಕು ಅನ್ನುವವರಿಗೆ ಸೆಝಾನ್‌ನ ಚೀಕು 396 ಯೆನ್ನಿಗೆ ಕಂಡೆ. ಗೆಳತಿಯೊಬ್ಬಳು ಅದರ ಕಿತ್ತಳೆ ಛಾಯೆ ಹಚ್ಚುತ್ತಾಳೆ, ಅವಳಿಗೆ ಚೆನ್ನಾಗಿ ಒಪ್ಪುತ್ತದೆ. ನನ್ನ ಮುಖದ ಮೇಲೆ ನೋಡಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ.

ಕಣ್ಣಿಗೆ ಬಂದರೆ ಲೆಕ್ಕ ತಿರುಗಿತು. ನೂರು ಯೆನ್ನಿನ ಕಂದು ಐಶ್ಯಾಡೋ ನನಗೆ ಡಬ್ಬಿಯಲ್ಲಿ ಸಪ್ಪೆ ಅನಿಸಿತ್ತು. ರೆಪ್ಪೆಯ ಮೇಲೆ ಆ ಸಪ್ಪೆಯೇ ಬೇಕಾಗಿತ್ತು. ಮಿಂಚಿಲ್ಲ, ಜಾಸ್ತಿ ಬಣ್ಣವಿಲ್ಲ, ಬೆರಳಲ್ಲಿ ಒಮ್ಮೆ ಸವರಿದರೆ ಒಣಗಿದ ಎಲೆಯ ನೆರಳು. ಇದಕ್ಕೆ ಹತ್ತು ಪಟ್ಟು ಕೊಡಬೇಕಾದ ಕಾರಣ ನನಗೆ ಕಾಣಲಿಲ್ಲ. ಹುಬ್ಬಿನ ಪೆನ್ಸಿಲ್ಲಿನಲ್ಲೂ ಎರಡು ಚೀಲಕ್ಕೆ ಅಂಥ ವ್ಯತ್ಯಾಸವಿಲ್ಲ. ಒಂದು ಮಾತು: ಇಲ್ಲಿನವರು ಕೂದಲಿಗೆ ಕಂದು ಬಣ್ಣ ಹಾಕಿಸಿ ಹುಬ್ಬನ್ನೂ ತಿಳಿ ಕಂದು ಮಾಡುತ್ತಾರೆ. ಕಪ್ಪು ಕೂದಲ ನಾವು ಹಾಗೆ ಮಾಡಿದರೆ ಹುಬ್ಬು ಬೇರೆಯವರದ್ದು ಅನಿಸುತ್ತದೆ. ಗಾಢ ಕಂದು ಸಾಕು.

ಆದರೆ ನೂರು ಯೆನ್ನಿನ ರೆಪ್ಪೆಗೂದಲು ಬಾಗಿಸುವ ಕ್ಲಿಪ್ಪು? ಯಾವ ಅಂಗಡಿಯದ್ದು ಅಂತ ಹೇಳುವುದಿಲ್ಲ. ಅದರ ಬಾಗು ನನ್ನ ಕಣ್ಣಿನ ಬಾಗಿಗೆ ಕೂರಲಿಲ್ಲ. ಮೊದಲ ದಿನವೇ ಚರ್ಮ ಕಚ್ಚಿ ಕಣ್ಣಲ್ಲಿ ನೀರು ಬಂತು. ನಮ್ಮ ರೆಪ್ಪೆಗೂದಲು ಹೇಗೂ ಸ್ವಲ್ಪ ಬಾಗಿಯೇ ಇರುತ್ತವೆ, ಹಾಗಾಗಿ ಕ್ಲಿಪ್ಪನ್ನೇ ಬಿಟ್ಟುಬಿಟ್ಟೆ.

ದುಡ್ಡು ಹಾಕಬೇಕಾದ ಜಾಗ ಮಸ್ಕಾರ. ಕಪ್ಪಲ್ಲ, ಕಂದು. ಅದರಲ್ಲೂ ಫಿಲ್ಮ್ ಮಸ್ಕಾರ ಅಂತ ಒಂದು ಬಗೆ ಇದೆ. ಒಂದೊಂದು ರೆಪ್ಪೆಗೂದಲಿಗೂ ತೆಳ್ಳನೆ ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ಮುಖದ ಎಣ್ಣೆಗೆ ಕರಗುವುದಿಲ್ಲ. ಆದರೆ 40 ಡಿಗ್ರಿಯ ಬಿಸಿನೀರಿಗೆ ಬಿಟ್ಟುಕೊಟ್ಟು ಸಣ್ಣ ಎಳೆಗಳಾಗಿ ಕೈಗೆ ಬರುತ್ತದೆ. ಜಪಾನಿ ಸ್ನಾನದ ನೀರು ಸುಮಾರು ಅಷ್ಟೇ ಬಿಸಿ. ಮೇಕಪ್ ತೆಗೆಯುವ ಎಣ್ಣೆಯ ದುಡ್ಡೂ ಉಳಿಯಿತು.

ಇದರ ಎದುರಾಳಿ ಅಮ್ಮನ ಕಾಡಿಗೆ. ಎರಡಕ್ಕೂ ಹುಟ್ಟಿನಲ್ಲೇ ವಿರೋಧ. ಕಾಡಿಗೆ ಅಂದರೆ ಮಸಿ ಮತ್ತು ಎಣ್ಣೆ. ಬೆಚ್ಚಗಾದರೆ ಇಳಿಯುವುದೇ ಅದರ ಗುಣ. ಊರಲ್ಲಿ ಅದು ಇಳಿದರೂ ಚೆಂದ, ಕಣ್ಣು ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೋರಾ ಬಣ್ಣದ ಫ್ರಾಕು, ಉಣ್ಣೆಯ ಟೋಪಿ ಹಾಕಿಕೊಂಡು ಕಾಡಿಗೆ ತೀಡಿದರೆ ನೋಡುವವರಿಗೆ ಕಣ್ಣೊಂದೇ ಕಾಣುತ್ತದೆ, ಬಟ್ಟೆ ಕಾಣುವುದಿಲ್ಲ. ಇಯರ್‌ಬಡ್ಡಿನಲ್ಲಿ ಉಜ್ಜಿ ನೋಡಿದೆ. ಮೂರು ರಾತ್ರಿ ನಿದ್ದೆಗೆಟ್ಟವಳ ಹಾಗೆ ಕಂಡೆ.

ಹಾಗಂತ ಕಾಡಿಗೆ ಬಿಟ್ಟು ಕಂದು ಮಸ್ಕಾರದಲ್ಲಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಗದಗಿನಿಂದ ಬಂದ ಮೊದಲ ಪ್ರಶ್ನೆ: "ಯಾಕವ್ವಾ, ಆರಾಮಿಲ್ಲೇನ? ಕಣ್ಣು ಬಾಡ್ಯಾವಲ್ಲ." ಎರಡನೆಯದು: "ಹಣಿಗಿ ಏನೂ ಇಲ್ಲಲ್ಲ?" ಅದೇ ಮುಖ ನೋಡಿ ಇಲ್ಲಿನ ಗೆಳತಿ "ನಚುರಾರು" ಅಂತ ಕಣ್ಣರಳಿಸಿದ್ದಳು. ನ್ಯಾಚುರಲ್ ಅನ್ನುವುದನ್ನು ಜಪಾನಿ ಬಾಯಲ್ಲಿ ಹಾಗೆ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ತುಟಿಯಲ್ಲಿ ಸ್ಪರ್ಧೆಯೇ ಇರಲಿಲ್ಲ. ಲಿಪ್ ಬಾಮ್ ಹಚ್ಚಿ, ಅದೇ ಇಟ್ಟಿಗೆ ಲಿಪ್‌ಸ್ಟಿಕ್ ಬೆರಳಲ್ಲಿ ತುಟಿಯ ನಡುವೆ ಒತ್ತಿದರೆ ಅಂಚಿನ ಕಡೆಗೆ ತಾನೇ ಮಾಸುತ್ತದೆ. ನೂರು ಯೆನ್ನಿನ ಟಿಂಟ್, ಅಂದರೆ ತುಟಿಗೆ ಹಚ್ಚುವ ತೆಳು ಬಣ್ಣ, ಒಂದೂವರೆ ಗಂಟೆಗೆ ತುಟಿಯ ಮಧ್ಯೆ ಅಳಿಸಿಹೋಗಿ ಅಂಚಿನ ಗೆರೆ ಮಾತ್ರ ಉಳಿಯಿತು.

ತುಟಿಯ ಮಾತು ಬಂತು ಅಂತ ಹೇಳುತ್ತೇನೆ. ಕಿಸ್ ಮಿ ಹೆಸರಿನ ಮಸ್ಕಾರ ಮಾಡುವ ಇಸೆಹಾನ್ ಕಂಪನಿ 1825ರಲ್ಲಿ, ಟೋಕಿಯೊ ಇನ್ನೂ ಎದೊ ಆಗಿದ್ದಾಗ, ಬೆನಿ ಮಾರುವ ಅಂಗಡಿಯಾಗಿ ಶುರುವಾಗಿದ್ದು. ಬೆನಿ ಅಂದರೆ ಹೂವಿನಿಂದ ತೆಗೆದ ತುಟಿಯ ಕೆಂಪು. ಯಾವ ಹೂವು ಗೊತ್ತಾ? ಕುಸುಬೆ! ನಮ್ಮ ಕಡೆ ಹಿಂಗಾರಿಗೆ ಹೊಲದ ತುಂಬ ನಿಂತು ಕಾಲಿಗೆ ಚುಚ್ಚುವ ಅದೇ ಕುಸುಬೆ. ನಾವು ಬೀಜದಿಂದ ಎಣ್ಣೆ ತೆಗೆದೆವು, ಇವರು ಉತ್ತರ ಜಪಾನಿನ ಯಾಮಗಾತಾದಲ್ಲಿ ಬೆಳೆದು ಎಸಳಿನಿಂದ ಕೆಂಪು ತೆಗೆದರು. ಎಸಳಿನಲ್ಲಿ ಇರುವುದು ಬಹುಪಾಲು ಹಳದಿ. ಕೆಂಪು ಶೇಕಡಾ 1ರಷ್ಟು ಮಾತ್ರ. ಒಳ್ಳೆಯ ಬೆನಿ ಒಣಗಿದಾಗ ಜೀರುಂಡೆಯ ರೆಕ್ಕೆಯ ಹಾಗೆ ಹಸಿರು ಹೊಳೆಯುತ್ತದೆ, ಒದ್ದೆ ಕುಂಚ ತಾಗಿಸಿದರೆ ಕೆಂಪಾಗುತ್ತದೆ. ಟೋಕಿಯೊದ ಮಿನಾಮಿ ಅಓಯಾಮಾದಲ್ಲಿ ಆ ಕಂಪನಿಯ ಬೆನಿ ಮ್ಯೂಸಿಯಂ ಇದೆ. ನನ್ನ ಬಜೆಟ್ಟಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೂ ಅಮ್ಮನಿಗೆ ಹೇಳಿದಾಗ "ಕುಸುಬಿ ತುಟಿಗೆ ಹಚ್ಚತಾರ?" ಅಂತ ನಂಬಲೇ ಇಲ್ಲ.

ಸಾಮಾನಿನ ಲೆಕ್ಕದಲ್ಲಿ ಮೊದಲ ಚೀಲಕ್ಕೆ ಇನ್ನೊಂದು ಅಂಕ ಕೊಡಲೇಬೇಕು. ಹಚ್ಚುವ ಪಫ್ಫು, ಸ್ಪಂಜು ಇವನ್ನು ನೂರು ಯೆನ್ ಅಂಗಡಿಯಲ್ಲೇ ಕೊಳ್ಳಿ. ದೈಸೊದಲ್ಲಿ ಪಫ್ ತೊಳೆಯಲಿಕ್ಕೆಂದೇ ಒಂದು ದ್ರವ ಸಿಗುತ್ತದೆ. ಕ್ರೀಮ್ ಚೀಕಿನ ಕಲೆ ಎರಡು ಹನಿಗೆ ಹೋಗುತ್ತದೆ. ಒಂದು ತೊಂದರೆ ಏನೆಂದರೆ, ನಾನು ಹೋದ ನೂರು ಯೆನ್ ಅಂಗಡಿಗಳಲ್ಲಿ ಹಚ್ಚಿ ನೋಡಲು ಟೆಸ್ಟರ್ ಇರಲಿಲ್ಲ. ಡ್ರಗ್‌ಸ್ಟೋರಿನಲ್ಲಿ ಇತ್ತು. ನಮ್ಮ ಚರ್ಮದವರಿಗೆ ಇದು ಸಣ್ಣ ವಿಷಯವಲ್ಲ. 110ರ ಎರಡು ತಪ್ಪು ಬಣ್ಣ ಕೊಂಡರೆ 220 ದಂಡ.

ಈಗ ನನ್ನ ಕೈಚೀಲದಲ್ಲಿ ಇರುವುದು ಆರೇ ಸಾಮಾನು. ಕ್ರೀಮ್ ಚೀಕ್ 638, ಕಂದು ಫಿಲ್ಮ್ ಮಸ್ಕಾರ 1,300ರ ಆಸುಪಾಸು, ಐಶ್ಯಾಡೋ, ಹುಬ್ಬಿನ ಪೆನ್ಸಿಲ್, ಪಫ್ ತಲಾ 110, ಊರಿನ ಲಿಪ್‌ಸ್ಟಿಕ್. ಒಟ್ಟು 2,300 ಯೆನ್ನಿನ ಒಳಗೆ ಮುಗಿಯಿತು. ದುಡ್ಡು ಕಡಿಮೆ ಇದ್ದರೆ ಮಸ್ಕಾರ ಮೊದಲು ಕೊಳ್ಳಿ. ಚೀಕಿಗೆ ಮನೆಯ ಲಿಪ್‌ಸ್ಟಿಕ್ಕೇ ನಡೆಯುತ್ತದೆ, ಎಣ್ಣೆ ಮಾತ್ರ ಸೇರಿಸಬೇಡಿ. ಒಣ ಬೆರಳಲ್ಲಿ ತಟ್ಟಿ, ಮೇಲೆ ಟಿಶ್ಯೂ ಒತ್ತಿ.

ಹಣೆಗೆ ಸಾಸಿವೆಯಷ್ಟು ಕಂದುಗೆಂಪು ಬೊಟ್ಟು ಬಂದಿದೆ. ಮೋರಿ ಗರ್ಲ್ ನಿಯಮದಲ್ಲಿ ಅದು ಇಲ್ಲ. ಇಟ್ಟಿಗೆ ಬಣ್ಣದ ಕೆನ್ನೆಗೆ ಚೆನ್ನಾಗಿ ಹೊಂದುತ್ತದೆ, ಹಾಗಾಗಿ ತೆಗೆದಿಲ್ಲ. ಜೂನ್ ಬಂದರೆ ತ್ಸುಯು, ಇಲ್ಲಿನ ಮಳೆಗಾಲ. ರೈಲಿನೊಳಗೆ ಎಲ್ಲರೂ ಬೆವರುತ್ತಾರೆ. ಆಗ ಈ ಕ್ರೀಮ್ ಚೀಕ್ ನಿಲ್ಲುತ್ತದೋ ಫೇಸ್ ಕವರಿಗೆ ಹೋಗುತ್ತದೋ ನೋಡಬೇಕು.