ಎಡಗಾಲಿಗೆ ಒಗ್ಗುವ ಹೈ-ಹ್ಯಾಟ್: ಎರಡು ಬಗೆಗಳ ಹೋಲಿಕೆ

ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ನಲ್ಲಿ ಸ್ನೇರ್ ಮತ್ತು ಟಾಮ್ ಪ್ಯಾಡ್‌ಗಳ ಕೆಲಸ ಸರಳವಾದದ್ದು. ಕೋಲು ಯಾವಾಗ, ಎಷ್ಟು ಬಲವಾಗಿ ಬಿತ್ತು ಎಂದು, ಧ್ವನಿ ಹೊರಡಿಸುವ ಪೆಟ್ಟಿಗೆಯಾದ ಮಾಡ್ಯೂಲ್‌ಗೆ ತಿಳಿಸಿದರೆ ಮುಗಿಯಿತು. ಹೈ-ಹ್ಯಾಟ್, ಅಂದರೆ ಎಡಗಾಲಿನ ಪೆಡಲ್ ಒತ್ತಿ ಮುಚ್ಚುವ, ಬಿಟ್ಟು ತೆರೆಯುವ ಜೋಡಿ ತಾಳ, ಹಾಗಲ್ಲ. ಪೂರ್ತಿ ಮುಚ್ಚಿದ ಸ್ಥಿತಿಗೂ ಪೂರ್ತಿ ತೆರೆದ ಸ್ಥಿತಿಗೂ ನಡುವೆ ಕಾಲು ಎಲ್ಲಿದೆ ಎಂಬುದನ್ನು ಅದು ಕ್ಷಣಕ್ಷಣವೂ ಹೇಳುತ್ತಿರಬೇಕು, ಏಕೆಂದರೆ ನುಡಿಸಾಣಿಕೆಯ ಸೊಗಸೆಲ್ಲ ಇರುವುದು ಆ ನಡುವಿನ ಜಾಗದಲ್ಲೇ. ಕಳೆದ ಕೆಲವು ತಿಂಗಳುಗಳಲ್ಲಿ ನಾನು ರೋಲ್ಯಾಂಡ್ ಟಿಡಿ-17 ಮಾಡ್ಯೂಲ್‌ಗೆ ಎರಡು ಬಗೆಯ ಹೈ-ಹ್ಯಾಟ್‌ಗಳನ್ನು ಜೋಡಿಸಿ ನುಡಿಸಿದ್ದೇನೆ. ಒಂದು, ಎಫ್‌ಡಿ-9 ಪೆಡಲ್ ಮತ್ತು ರ‍್ಯಾಕ್‌ನ (ಪ್ಯಾಡ್‌ಗಳನ್ನು ಹೊರುವ ಚೌಕಟ್ಟಿನ) ತೋಳಿಗೆ ಬಿಗಿದ ಸಿವೈ-5 ಪ್ಯಾಡ್. ಇನ್ನೊಂದು, ನಿಜವಾದ ಹೈ-ಹ್ಯಾಟ್ ಸ್ಟ್ಯಾಂಡ್ ಮೇಲೆ ಕೂರುವ ವಿಎಚ್-10. ಎರಡಕ್ಕೂ ಬೇಕಾಗುವುದು ಎರಡೇ ಕೇಬಲ್, ಅವೇ ಎರಡು ಕಿಂಡಿಗಳು. ಆದ್ದರಿಂದ ಬದಲಾಯಿಸಿ ನೋಡುವುದು ಕಷ್ಟವಾಗಲಿಲ್ಲ.

ಮೊದಲನೆಯ ಬಗೆಯಲ್ಲಿ ಪೆಡಲ್ ಬೇರೆ, ಪ್ಯಾಡ್ ಬೇರೆ. ಕಾಲು ಒತ್ತಿದಾಗ ಚಲಿಸುವುದು ಪೆಡಲ್‌ನ ಹಲಗೆ ಮಾತ್ರ. ಮೇಲಿನ 10 ಇಂಚಿನ ಪ್ಯಾಡ್‌ಗೆ ಆ ಸುದ್ದಿಯೇ ತಲುಪುವುದಿಲ್ಲ. ಧ್ವನಿ ಮುಚ್ಚಿಕೊಂಡರೂ ಪ್ಯಾಡ್ ಮೊದಲಿನಂತೆಯೇ ತೂಗಾಡುತ್ತದೆ, ಕೋಲು ಮೊದಲಿನಂತೆಯೇ ಪುಟಿಯುತ್ತದೆ. ಇದರ ಅನುಕೂಲಗಳೂ ಸಣ್ಣವಲ್ಲ: ಪೆಡಲ್ ಸದ್ದು ಕಡಿಮೆ, ಹಿಡಿಯುವ ಜಾಗ ಕಡಿಮೆ, ಪ್ಯಾಡನ್ನು ಕೈಗೆ ಎಟಕುವ ಯಾವ ಎತ್ತರಕ್ಕಾದರೂ ಕಟ್ಟಬಹುದು. ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ. ರಾತ್ರಿ ಒಂಬತ್ತರ ನಂತರ ಕೆಳಗಿನ ಮನೆಯವರ ನಿದ್ದೆಗೆ ತೊಂದರೆಯಾಗದಂತೆ ಅಭ್ಯಾಸ ಮಾಡಬೇಕಾದಾಗ ನನ್ನ ಆಯ್ಕೆ ಈಗಲೂ ಇದೇ.

ಎರಡನೆಯ ಬಗೆಯಲ್ಲಿ, ಕೆಳಗಿನ ತಾಳವಿರಬೇಕಾದ ಜಾಗದಲ್ಲಿ ಚಲನೆಯನ್ನು ಅಳೆಯುವ ಸೆನ್ಸರ್ ಕೂರುತ್ತದೆ. ಕ್ಲಚ್ ಎಂಬ ಹಿಡಿಕೆಯ ಮೂಲಕ ಸ್ಟ್ಯಾಂಡಿನ ನಡುವಿನ ರಾಡ್‌ಗೆ ಬಿಗಿದ ಪ್ಯಾಡ್ ಕಾಲಿನ ಒತ್ತಿಗೆ ಕೆಳಗಿಳಿದು ಅದರ ಮೇಲೆ ಕುಳಿತುಕೊಳ್ಳುತ್ತದೆ. ನನ್ನ ಮನಸ್ಸನ್ನು ಗೆದ್ದ ಅಂಶ ಇದೇ. ಮುಚ್ಚಿದಾಗ ಪ್ಯಾಡ್ ಕೋಲಿನಡಿ ಗಟ್ಟಿಯಾಗಿ ನಿಲ್ಲುತ್ತದೆ, ಸ್ವಲ್ಪ ಸಡಿಲಿಸಿದರೆ ಮೆಲ್ಲಗೆ ಅಲುಗುತ್ತದೆ, ಪೂರ್ತಿ ಬಿಟ್ಟರೆ ಓಲಾಡುತ್ತದೆ. ಹೀಗೆ ಕಾಲು ಮಾಡಿದ್ದು ಕಿವಿಗೆ ಕೇಳಿಸುವುದಲ್ಲದೆ ಕೈಗೂ ತಿಳಿಯುತ್ತದೆ. ಅರ್ಧ ತೆರೆದ ಹೈ-ಹ್ಯಾಟ್‌ನ ಮೇಲೆ ಅಂಚಿನಿಂದ ಹೊಡೆಯುವಾಗ, ಪೆಡಲ್ ಮಾತ್ರದ ಬಗೆಯಲ್ಲಿ ನಾನು ಕಾಲಿನ ಮಟ್ಟವನ್ನು ಅಂದಾಜಿನಲ್ಲಿ ಹಿಡಿಯುತ್ತಿದ್ದೆ. ಇಲ್ಲಿ ಕೈಯೇ ಅದನ್ನು ತಿದ್ದಿಕೊಡುತ್ತದೆ. ಎರಡು ವಾರಗಳಲ್ಲಿ ನನ್ನ ಎಡಗಾಲು ಹೆಚ್ಚು ನಿಖರವಾಯಿತು ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಅನುಭವವೊಂದನ್ನೇ ನಂಬದೆ ಕಂಪ್ಯೂಟರಿನಲ್ಲಿ ದಾಖಲಿಸಿಯೂ ನೋಡಿದೆ. ಹೈ-ಹ್ಯಾಟ್ ಪೆಡಲ್‌ನ ಸ್ಥಾನ ಮಿಡಿಯಲ್ಲಿ (ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಸಂಕೇತಭಾಷೆಯಲ್ಲಿ) 4ನೆಯ ಕಂಟ್ರೋಲರ್ ಸಂಖ್ಯೆಯಡಿ, 0ರಿಂದ 127ರವರೆಗಿನ ಅಂಕಿಗಳಲ್ಲಿ ಸಾಗುತ್ತದೆ. ಮೆಟ್ರೊನೋಮ್ 80ಕ್ಕೆ ಇಟ್ಟು, ನಾಲ್ಕು ಆವರ್ತಗಳಷ್ಟು ಕಾಲ ಪೆಡಲನ್ನು ನಿಧಾನವಾಗಿ ಒತ್ತುತ್ತ ಹೋದರೆ, ಒಳ್ಳೆಯ ಪೆಡಲ್ ನುಣುಪಾದ ಇಳಿಜಾರನ್ನು ಬರೆಯಬೇಕು. ಮೇಲಿನ ಎರಡೂ ಹಾಗೆಯೇ ಬರೆದವು. ಈ ಮೊದಲು ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ, ಬೇರೊಂದು ತಯಾರಿಕೆಯ ಸವೆದ ಪೆಡಲ್ ಮಾತ್ರ ಮೆಟ್ಟಿಲುಗಳನ್ನು ಬರೆಯಿತು. ನಡುವಿನ ಅಂಕಿಗಳನ್ನು ಹಾರಿ ಒಮ್ಮೆಗೇ ಮುಚ್ಚಿಕೊಳ್ಳುತ್ತಿತ್ತು. ಹಳೆಯದನ್ನು ಕೊಳ್ಳುವವರು ಹಣ ಕೊಡುವ ಮೊದಲು ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕೆಂದು ನನ್ನ ವಿನಂತಿ.

ಸ್ಟ್ಯಾಂಡ್ ಬಗೆಗೆ ಬೆಲೆಯೂ ಇದೆ, ಶ್ರಮವೂ ಇದೆ. ಸ್ಟ್ಯಾಂಡನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಮೂರು ಕಾಲಿನದಾದರೆ ಒಂದು ಕಾಲು ರ‍್ಯಾಕ್‌ಗೋ ಕಿಕ್ ಪೆಡಲ್‌ಗೋ ಅಡ್ಡ ಬರುತ್ತದೆ, ಆದ್ದರಿಂದ ಎರಡು ಕಾಲಿನದು ಅಥವಾ ಕಾಲುಗಳನ್ನು ತಿರುಗಿಸಬಹುದಾದದ್ದು ಲೇಸು. ಕಾಲಿನ ಪೆಟ್ಟು ಸ್ಟ್ಯಾಂಡ್ ಮೂಲಕ ನೆಲಕ್ಕೆ ಇಳಿಯುವುದರಿಂದ ಅಡಿಗೆ ದಪ್ಪ ರಬ್ಬರ್ ಹಾಸು ಬೇಕೇ ಬೇಕು. ಜೊತೆಗೆ ಕ್ಲಚ್ ಸಡಿಲಿಸಿ, ಪ್ಯಾಡನ್ನು ಸೆನ್ಸರ್ ಮೇಲೆ ಕೂರಿಸಿ, ಮಾಡ್ಯೂಲ್‌ನಲ್ಲಿ ಆಫ್‌ಸೆಟ್ (ಪ್ಯಾಡ್‌ನ ಎತ್ತರಕ್ಕೂ ಸೆನ್ಸರ್‌ನ ಅಳತೆಗೂ ಇರುವ ತಾಳೆ) ಹೊಂದಿಸಬೇಕು. ಇದನ್ನು ಕಡೆಗಣಿಸಿದ ಮೊದಲ ದಿನ ನನಗೆ ಬಿಗಿಯಾದ ಮುಚ್ಚಿದ ಧ್ವನಿ ಸಿಗಲೇ ಇಲ್ಲ. ದೋಷ ಉಪಕರಣದ್ದಲ್ಲ, ಹೊಂದಿಕೆಯದು.

14 ಇಂಚಿನ ವಿಎಚ್-14ಡಿ ಇನ್ನೂ ಹತ್ತಿರದ ಅನುಭವ ಕೊಡಬಹುದೆಂದು ಆಸೆಪಡುವವರು ಒಂದು ಸಂಗತಿಯನ್ನು ಗಮನಿಸಬೇಕು: ಅದು ಡಿಜಿಟಲ್ ಸಂಪರ್ಕದ್ದು, ಟಿಡಿ-17ರಲ್ಲಿ ಆ ಕಿಂಡಿಯೇ ಇಲ್ಲ. ಒಂದು ಕಂಪನಿಯ ಪೆಡಲ್ ಇನ್ನೊಂದರ ಮಾಡ್ಯೂಲ್‌ಗೆ ಒಗ್ಗುತ್ತದೆಂಬ ಭರವಸೆಯೂ ಇಲ್ಲ.

ಕೋಣೆಯಲ್ಲಿ ಜಾಗವಿದ್ದು, ಹಗಲು ನುಡಿಸಲು ಸಾಧ್ಯವಿರುವವರಿಗೆ ನಾನು ಸ್ಟ್ಯಾಂಡ್ ಬಗೆಯನ್ನೇ ಹೇಳುತ್ತೇನೆ. ನನ್ನ ಕಿಟ್‌ನಲ್ಲಿ ಈಗ ನಿಂತಿರುವುದೂ ಅದೇ. ರಾಡ್ ಮೇಲೆ ಕ್ಲಚ್‌ನ ಸರಿಯಾದ ಎತ್ತರಕ್ಕೆ ಕೆಂಪು ಟೇಪಿನ ಗುರುತು ಸುತ್ತಿದ್ದೇನೆ. ರಾತ್ರಿಗೆಂದು ಪ್ಯಾಡ್ ಬದಲಿಸಿದ ಮಾರನೆಯ ಬೆಳಿಗ್ಗೆ ಅದನ್ನು ಅಷ್ಟೇ ಎತ್ತರಕ್ಕೆ ಬಿಗಿಯಲು ಆ ಗುರುತು ಸಾಕಾಗುತ್ತದೆ.